ಫೋನ್ ವಾಪಸ್ ಕೇಳಿದ್ರ ಸಾಕು ಮಗ ಸಿಟ್ಟಿಗೇಳ್ತಾನ, ಏನ್ ಮಾಡ್ಲಿ?

ಸಿಂಧನೂರು_ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ ಮಗ ನಾಕನೇ ಕ್ಲಾಸ್. ಬ್ಯಾಸಿಗಿ ಸೂಟಿ ಶುರು ಆದಾಗಿಂದ ಮಧ್ಯಾಹ್ನ ಹೊರಗ ಕಾಲಿಡಂಗಿಲ್ಲ ಅಂಥ ಬಿಸ್ಲು, ಹಂಗಾಗಿ ಉಂಡು ಫೋನ್ ಹಿಡಕೊಂಡು ಕುಂತ್ರ ಸಂಜಿತನಕ ಅದರಾಗ ಇರ್ತಾನ. ಕೊಡಪ್ಪಾ ಅಂದ್ರ ಮುಷ್ಟಿ ಬಿಗಿ ಹಿಡದು ಒದರ್ತಾನ, ಮೊನ್ನೆ ರಿಮೋಟ್ ಗ್ವಾಡಿಗೆ ಒಗದ, ಸೆಲ್ ಎಲ್ಲಾ ಮಂಚದ ಕೆಳಗ ಉರುಳಿ ಹೋದ್ವು. ಅದಕ್ಕಿಂತ ಸಂಕಟ ಏನಂದ್ರ, ಆಮ್ಯಾಲ ಮೂಲ್ಯಾಗ ಕುಂತು "ನಂಗ ಏನೂ ಬರಂಗಿಲ್ಲ, ನಾ ದಡ್ಡ" ಅಂತಾನ. ಅತ್ತಿಯವ್ರು ಎರಡೇಟು ಕೊಟ್ರ ಸುಮ್ನಾಗ್ತಾನ ಅಂತಾರ, ನನಗ ಹೊಡಿಯಾಕ ಮನಸ್ಸಿಲ್ಲ. ಯಾರಿಗಾದ್ರೂ ಹಿಂಗ ಆಗಿದ್ರ ಹೇಳ್ರಿ.

ಕೊಪ್ಪಳ_ಟೀಚರ್:
ಅಕ್ಕಾರ, ಹೊಡಿಯೋದು ಬ್ಯಾಡೇ ಬ್ಯಾಡ. ಸಿಟ್ಟು ಏರಿದಾಗ ಬುದ್ಧಿಮಾತು ತಲಿಗೆ ಹೋಗಂಗಿಲ್ಲ, ಎದಿ ಡವಡವ ಅಂತಿರ್ತೈತಿ, ಮೈ ಎಲ್ಲಾ ಜಗಳಕ್ಕ ನಿಂತಿರ್ತೈತಿ. ಬಾಜೂಕ ಕುಂತು "ಆಟ ಅರ್ಧಕ್ಕ ನಿಂತಿದ್ದಕ್ಕ ಸಿಟ್ಟು ಬಂತೇನಪ್ಪಾ" ಇಷ್ಟ ಅನ್ರಿ, ನೀರು ಕೊಡ್ರಿ. ಸಿಟ್ಟು ಬರೋದು ತಪ್ಪಲ್ಲ, ಒಗಿಯೋದು ತಪ್ಪು ಅಂತ ತಣ್ಣಗಾದ ಮ್ಯಾಲ ಹೇಳ್ರಿ, ಸೆಲ್ ಅವನ ಕೈಲೇ ಹುಡುಕಿಸಿ ಹಾಕಸ್ರಿ.
ದಡ್ಡ ಅಂದಾಗ "ಇಲ್ಲ ನೀ ಭಾಳ ಶಾಣ್ಯಾ" ಅಂದ್ರ ಹುಡುಗ್ರು ನಂಬಂಗಿಲ್ಲ. ನಮ್ ಕ್ಲಾಸಿನಾಗ ಒಬ್ಬಾವ ಓದಾಕ ಹಿಂದ, ಆದ್ರ ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಿದ್ರ ಕೊಂಬು, ಬಾಲ, ಕೊಳ್ಳಾಗಿನ ಗಂಟಿ ಸೈತ ಇರ್ತೈತಿ. "ಕೊಂಬು ಮುರೀದಂಗ ಹೆಂಗ ನಿಲ್ಲಿಸಿದ್ಯೋ" ಅಂತ ಕೇಳಿದೆ, ಎಲ್ಲರ ಮುಂದ ನಿಂತು ಹೇಳಿದ. ಈಗ ಪಾಠ ಓದಾಕೂ ತಾನ ಕೈ ಎತ್ತತಾನ. ನಿಮ್ಮಾವ ಏನ್ ಚೊಲೋ ಮಾಡ್ತಾನ ನೋಡ್ರಿ, ಅದನ್ನ ಹಿಡದು ಮಾತಾಡ್ರಿ.

ಬಳ್ಳಾರಿ_ಅಪ್ಪ:
ಸಿಸ್ಟರ್, ಗೇಮ್ ನಡುವೆ ಫೋನ್ ಕಿತ್ಕೋಬ್ಯಾಡ್ರಿ, ಈ ಮ್ಯಾಚ್ ಮುಗಿದ್ರೆ ಕೊಡ್ಬೇಕು ಅಂತ ಮೊದ್ಲೇ ಮಾತಾಡ್ಕೊಳ್ರಿ. ಯೂಟ್ಯೂಬಲ್ಲಿ ಆಟೋಪ್ಲೇ ಆಫ್ ಮಾಡಿದ್ರೆ ಒಂದಾದ್ಮೇಲೆ ಒಂದು ವಿಡಿಯೋ ತಾನೇ ಓಡಲ್ಲ. ಯೂಟ್ಯೂಬ್ ಕಿಡ್ಸಲ್ಲಿ ಟೈಮರ್ ಐತೆ, ಟೈಮ್ ಆದ್ರೆ ಆಪೇ ಲಾಕ್ ಆಗುತ್ತೆ, ಆಗ ಜಗಳ ನಿಮ್ ಜೊತೆ ಇರಲ್ಲ. ಅವ್ನಿಗೇ ಬೇರೆ ಫೋನ್ ಕೊಟ್ಟಿದ್ರೆ ಗೂಗಲ್ ಫ್ಯಾಮಿಲಿ ಲಿಂಕ್ ಆಪ್ ಹಾಕ್ರಿ, ಎಷ್ಟೊತ್ತು ನೋಡ್ಬೇಕು ಅಂತ ನಿಮ್ ಫೋನಿಂದ್ಲೇ ಸೆಟ್ ಮಾಡ್ಬೌದು. ಇನ್‌ಸ್ಟಾಗ್ರಾಮ್ ಬ್ಯಾಡ, 13 ವರ್ಷ ಆಗಿರ್ಬೇಕು ಅಂತ ಅವ್ರದ್ದೇ ರೂಲ್ಸ್ ಐತೆ.
ಇನ್ನೊಂದು, ಆಗಾಗ ಪಕ್ಕ ಕುಂತು ನೋಡ್ರಿ. ನಮ್ ಮಗ್ಳು ರೀಲ್ಸ್ ನೋಡಿ ನೋಡಿ ತಾನು ಕಪ್ಪು ಅಂತ ಕನ್ನಡಿ ಮುಂದೆ ಅಳ್ತಿದ್ಲು. ಅವ್ಳ ಕೈಲೇ ನನ್ ಮುಖಕ್ಕೆ ಫಿಲ್ಟರ್ ಹಾಕ್ಸಿದೆ, ಮೀಸೆ ಸಮೇತ ಬೆಳ್ಳಗಾದೆ, ನಕ್ಕುಬಿಟ್ಲು. ಈಗ ಯಾವ್ ವಿಡಿಯೋ ಬಂದ್ರೂ "ಅಪ್ಪಾ ಇದು ಫಿಲ್ಟರ್, ಇದು ಆಡ್" ಅಂತ ಅವ್ಳೇ ಹೇಳ್ತಾಳೆ.

ಸಿಂಧನೂರು_ಅಮ್ಮ:
ಆಟೋಪ್ಲೇ ಈಗ ಬಂದ್ ಮಾಡಿದೆ ಅಣ್ಣಾರ. ಆದ್ರ ನಮ್ ಯಜಮಾನ್ರು ಊಟಕ್ಕ ಕುಂತಾಗೂ ಫೋನ್ ನೋಡ್ತಾರ, "ಅಪ್ಪ ನೋಡ್ಬೌದಾ" ಅಂತ ಮಗ ಕೇಳ್ತಾನ, ಏನ್ ಹೇಳ್ಲಿ?

ರಾಯಚೂರು_ನರ್ಸ್:
ಅಂವ ಕೇಳೋದು ಖರೇನ ಅದ. ಉಣ್ಣೋ ಹೊತ್ತಿಗೆ ಎಲ್ಲರ ಫೋನೂ ಟಿವಿ ಮ್ಯಾಲ ಇಡ್ರಿ, ಯಜಮಾನ್ರದ್ದು ಮೊದ್ಲು. ರಾತ್ರಿ ಲಗೂನ ಮಲಗಸ್ರಿ, ನಿದ್ದಿಗೆಟ್ಟ ಹುಡುಗ್ರಿಗೆ ಸಿಟ್ಟು ಮೂಗಿನ ತುದಿಗೇ ಇರ್ತದ. ತನಗ ತಾನ ಹೊಡಕೊಳ್ಳೋದು, ಊಟ ಬಿಡೋದು, ಸಾಯ್ತೀನಿ ಅನ್ನೋದು ಕಂಡ್ರ ಮಾತ್ರ ಕಾಯಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕ್ಕ ಫೋನ್ ಹಚ್ಚ್ರಿ, ಹಗಲು ರಾತ್ರಿ ಇರ್ತದ, ರೊಕ್ಕ ಬೀಳಂಗಿಲ್ಲ, ಕನ್ನಡದಾಗ ಮಾತಾಡ್ತಾರ. ಬೆಂಗಳೂರಿನ ನಿಮ್ಹಾನ್ಸಿನಾಗ ಫೋನ್ ಚಟಕ್ಕಂತನ ಬ್ಯಾರೆ ಕ್ಲಿನಿಕ್ ಅದ, ಆದ್ರ ಮೊದ್ಲು ಇಲ್ಲೇ ಜಿಲ್ಲಾ ಆಸ್ಪತ್ರಿಯಾಗ ಮಾನಸಿಕ ತಜ್ಞರಿಗೆ ತೋರಿಸಿದ್ರ ಸಾಕು. ರಾತ್ರಿ ಎಷ್ಟೊತ್ತಿಗೆ ಮಲಗ್ತಾನ ಹೇಳ್ರಿ?