ಚರ್ನಿ ರೋಡ್ ಹತ್ರದ ರಾಯಲ್ ಒಪೇರಾ ಹೌಸ್ ಕಥೆ ಏನು? ಗೊತ್ತಿರೋರು ಹೇಳಿ

ಡೊಂಬಿವಲಿ ಲೋಕಲ್:
ಎಲ್ರಿಗೂ ನಮಸ್ಕಾರ. ಮುಂಬೈಗೆ ಹೊಸಬ, ಆಫೀಸು ಚರ್ನಿ ರೋಡ್ ಕಡೆ. ದಿನಾ ಸ್ಟೇಷನ್ನಿಂದ ನಡ್ಕೊಂಡು ಹೋಗುವಾಗ ಆ ಒಪೇರಾ ಹೌಸ್ ಬಿಲ್ಡಿಂಗ್ ಸಿಗತ್ತೆ, ಸುತ್ತ ನೋಡಿದ್ರೆ ವಜ್ರದ ವ್ಯಾಪಾರದೋರು, ಟ್ಯಾಕ್ಸಿ, ವಡಾಪಾವ್ ಗಾಡಿ, ನಡುವೆ ಯಾವ್ದೋ ಯೂರೋಪಿನ ಊರಿಂದ ಎತ್ಕೊಂಡು ಬಂದು ಇಟ್ಟಿರೋ ಥರ ಇದು. ಟ್ಯಾಕ್ಸಿಯೋರು ಇಡೀ ಏರಿಯಾಗೇ ಒಪೇರಾ ಹೌಸ್ ಅಂತಾರೆ. ಅಲ್ಲ, ಈ ಊರಲ್ಲಿ ಒಪೇರಾ, ಅಂದ್ರೆ ಯೂರೋಪಿನ ಆ ಹಾಡಿನ ನಾಟಕ, ನೋಡೋ ಜನ ಯಾವಾಗ ಇದ್ರು? ನಮ್ಮ ಆಫೀಸಲ್ಲಿ ಒಬ್ರು ಅದು ನಾಟಕದ ಥಿಯೇಟರು ಅಂತಾರೆ, ಇನ್ನೊಬ್ಬ ಹಿರಿಯರು ಇಲ್ಲಪ್ಪ ಅದು ಟಾಕೀಸು, ನಾವು ಕಾಲೇಜ್ ಟೈಮಲ್ಲಿ ಅಲ್ಲೇ ಪಿಕ್ಚರ್ ನೋಡ್ತಿದ್ವಿ ಅಂತ ವಾದ ಮಾಡ್ತಾರೆ. ಯಾವ್ದು ನಿಜ? ಒಳಗೆ ನೋಡೋ ಹಾಗೆ ಇದೆಯಾ?

ಗಿರಗಾಂವ್ ಮಾಣಿ:
ಎರಡೂ ನಿಜ ಮಾರಾಯ್ರೆ. ಇದನ್ನು ಕಟ್ಟಿಸಿದ್ದು ಇಬ್ರು, ಮಾರಿಸ್ ಬ್ಯಾಂಡ್‌ಮನ್ ಅಂತ ಕಲ್ಕತ್ತಾದಲ್ಲಿ ಇದ್ಕೊಂಡು ಊರೂರಿಗೆ ನಾಟಕ ಕಂಪನಿ ಕರ್ಕೊಂಡು ಹೋಗ್ತಿದ್ದ ಬಿಳಿಯ, ಇನ್ನೊಬ್ರು ಜೆಹಾಂಗೀರ್ ಫ್ರಾಮ್ಜಿ ಕರಾಕಾ, ಕಲ್ಲಿದ್ದಲು ದಲ್ಲಾಳಿ ಮಾಡ್ತಿದ್ದ ಪಾರ್ಸಿ ಸಾಹುಕಾರ್ರು. 1911ರಲ್ಲಿ ಇಂಗ್ಲೆಂಡಿನ ರಾಜ ಐದನೇ ಜಾರ್ಜ್ ದಿಲ್ಲಿ ದರ್ಬಾರಿಗೆ ಅಂತ ಬಂದಾಗ ಅವನ ಕೈಲೇ ಉದ್ಘಾಟನೆ ಮಾಡಿಸಿದ್ರು, ಆವಾಗ ಕೆಲ್ಸವೇ ಮುಗ್ದಿರ್ಲಿಲ್ಲ ಗೊತ್ತುಂಟಾ, ಬಿಲ್ಡಿಂಗ್ ರೆಡಿ ಆದದ್ದು ಮರುವರ್ಷ. ರಾಜ ಸಿಕ್ಕಿದಾಗ ರಿಬ್ಬನ್ ಕಟ್ ಮಾಡ್ಸಿ ಬಿಡುವಾ, ಸುಣ್ಣ ಬಣ್ಣ ಆಮೇಲೆ ನೋಡುವಾ ಅಂತ, ನಮ್ಮ ಈಗಿನ ಮಂತ್ರಿಗಳ ಕಾಲದ್ದೇ ಲೆಕ್ಕ.

ಬರೀ ಒಪೇರಾ ನಂಬಿದ್ರೆ ಹೊಟ್ಟೆ ತುಂಬ್ಲಿಕ್ಕುಂಟಾ? ಮರಾಠಿ ನಾಟಕ ಆಯ್ತು, ಬಾಲಗಂಧರ್ವ, ದೀನಾನಾಥ್ ಮಂಗೇಶ್ಕರ್ ಎಲ್ಲ ಇಲ್ಲಿ ಹಾಡಿದೋರು. ಮುಂದೆ ಪೃಥ್ವಿರಾಜ್ ಕಪೂರರ ಕಂಪನಿ ನಾಟಕಗಳೂ ಇಲ್ಲೇ. ನಡುವೆ ಸಿನಿಮಾ ಹೊಕ್ಕಿತು, ಟಾಕಿ, ಅಂದ್ರೆ ಮಾತಾಡುವ ಸಿನಿಮಾ, ಬಂದ ಮೇಲೆ 30ರ ದಶಕದಲ್ಲಿ ಪೂರ್ತಿ ಟಾಕೀಸಿನ ವೇಷ. 1952ರಲ್ಲಿ ಗುಜರಾತಿನ ಗೊಂಡಲ್ ಮಹಾರಾಜರು ತಗೊಂಡ್ರು. ವಿಡಿಯೋ ಕ್ಯಾಸೆಟ್ಟು, ಕೇಬಲ್ ಟಿವಿ ಬಂದ ಮೇಲೆ ಜನ ಇಲ್ಲ, ನಷ್ಟ, 1993ರಲ್ಲಿ ಬಾಗ್ಲು ಹಾಕಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ ತೆಗೀಲೇ ಇಲ್ಲ. ನಾವೆಲ್ಲ ಬೀಗ ಹಾಕಿದ ಒಪೇರಾ ಹೌಸನ್ನೇ ನೋಡ್ಕೊಂಡು ದೊಡ್ಡವರಾದದ್ದು. ಮತ್ತೆ ತೆರೆದದ್ದು 2016ರ ಅಕ್ಟೋಬರಿನಲ್ಲಿ.

ಸುಣ್ಣ ಗಾರೆ:
ನಾನು ಕನ್ಸರ್ವೇಶನ್, ಅಂದ್ರೆ ಹಳೇ ಕಟ್ಟಡ ಉಳಿಸೋ ಕೆಲ್ಸ, ಓದಿದೋಳು, ಕಟ್ಟಡದ ಬಗ್ಗೆ ಯಾರೂ ಬರೀಲಿಲ್ವಲ್ಲ ಅಂತ ಬರೀತಿದೀನಿ. ಸ್ಟೈಲ್ ಬರೋಕ್, ಅಂದ್ರೆ ಎಲ್ಲೂ ಖಾಲಿ ಗೋಡೆ ಬಿಡ್ಬಾರ್ದು ಅನ್ನೋ ಥರದ್ದು, ಬಳ್ಳಿ, ಹೂವು, ಚಿನ್ನದ ಬಣ್ಣ, ಕಂಬ. ಫಾಯರಲ್ಲಿ, ಅಂದ್ರೆ ಒಳಗೆ ಕಾಲಿಟ್ಟ ಕೂಡ್ಲೇ ಸಿಗೋ ಹಜಾರದಲ್ಲಿ, ತೂಗಾಕಿರೋ ಎರಡು ದೊಡ್ಡ ಗಾಜಿನ ಶಾಂಡ್ಲಿಯರ್ (ತೂಗುದೀಪ) ಇಲ್ಲಿನ ದೊಡ್ಡ ವ್ಯಾಪಾರಿಗಳಾದ ಸಸೂನ್ ಮನೆತನದ್ದು, ಅವ್ರ ಬಂಗ್ಲೆಯಿಂದ ಬಂದಿದ್ದು. ಅದನ್ನೆಲ್ಲ ಫೋಟೋ ತೆಗೆಯೋರು ತೆಗೀಲಿ, ನೀವು ಒಳಗೆ ಹೋದ್ರೆ ಮೊದ್ಲು ತಲೆ ಎತ್ತಿ ಛಾವಣಿ ನೋಡಿ. ಗುಮ್ಮಟದ ಆಕಾರ ಶೋಕಿಗೆ ಮಾಡಿದ್ದಲ್ಲ. 1912ರಲ್ಲಿ ಮೈಕ್ ಎಲ್ಲಿಂದ ಬರ್ಬೇಕು, ಸ್ಟೇಜಿನ ಮೇಲೆ ಹಾಡಿದ್ದು ಕಡಿಮೆ ಕಾಸಿನ ಗ್ಯಾಲರಿಲಿ ಕೂತೋನಿಗೂ ಮಾತು ಮಾತು ಕೇಳ್ಬೇಕು, ಅದಕ್ಕೇ ಸದ್ದು ಮೇಲೆ ಹೋಗಿ ಬಡಿದು ಹಿಂದಿನ ಸಾಲಿಗೆ ಇಳಿಯೋ ಹಾಗೆ ಕಟ್ಟಿದ್ದು. ಸ್ಟೇಜಿನ ಮುಂದೆ ವಾದ್ಯದೋರು ಕೂರೋ ತಗ್ಗು ಇತ್ತು, ಹಿಂದೆ ಬೆತ್ತದ ಕುರ್ಚಿ ಸೋಫಾ ಹಾಕಿದ ಬಾಕ್ಸ್‌ಗಳು, ಸಂಸಾರ ಸಮೇತ ಬಂದು ಆರಾಮಾಗಿ ಕೂರ್ಬಹುದಿತ್ತು.

ಟಾಕೀಸ್ ಆದಾಗ ಪರದೆಗೆ ಜಾಗ ಬೇಕು, ಸೀಟು ಜಾಸ್ತಿ ಬೇಕು. ಆ ತಗ್ಗೂ ಹೋಯ್ತು, ಬಾಕ್ಸೂ ಹೋಯ್ತು. ಮುಚ್ಚಿದ ಮೇಲೆ ಮುಂಬೈ ಮಳೆ ಸುಮ್ನಿರತ್ತಾ? ರಿಪೇರಿ ಮಾಡಿದ್ದು ಆರ್ಕಿಟೆಕ್ಟ್ ಆಭಾ ನಾರಾಯಣ್ ಲಾಂಬಾ ಅವ್ರ ತಂಡ, 2008ರ ಸುಮಾರಿಗೆ ಶುರು, ಹಳೇ ಫೋಟೋ ನೋಡ್ಕೊಂಡು, ಬಣ್ಣದ ಪದರ ಕೆರೆದು ನೋಡ್ಕೊಂಡು ಮಾಡಿದ್ದು. 2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನೋ ಸಂಸ್ಥೆ ಇದನ್ನ ಅಪಾಯದಲ್ಲಿರೋ ಹಳೇ ಕಟ್ಟಡಗಳ ಪಟ್ಟಿಗೆ ಹಾಕಿತ್ತು, 2017ರಲ್ಲಿ ಹಳೇ ಕಟ್ಟಡ ಉಳಿಸಿದ್ದಕ್ಕೆ ಕೊಡೋ ಯುನೆಸ್ಕೋ ಏಷ್ಯಾ ಪೆಸಿಫಿಕ್ ಪ್ರಶಸ್ತಿನೂ ಬಂತು. ನನ್ನ ಒಂದೇ ತಕರಾರು ಅಂದ್ರೆ ಟಾಕೀಸಿನ ಕಾಲದ ಗುರುತು ಜಾಸ್ತಿ ಉಳಿಸಿಲ್ಲ, ನಿಮ್ಮ ಆಫೀಸಿನ ಹಿರಿಯರು ಕಂಡ ಒಪೇರಾ ಹೌಸ್ ಈಗ ಎಲ್ಲೂ ಇಲ್ಲ.

ಬೆಳಗಾವಿ ಕುಂದಾ:
ಎಲ್ಲಾ ಛಲೋ ಬರ್ದೀರಿ, ಒಂದು ಬಿಟ್ಟೀರಿ ನೋಡ್ರಿ. ಬಾಲಗಂಧರ್ವರು 1905ರಾಗ ಸೇರಿದ್ದು ಕಿರ್ಲೋಸ್ಕರ ನಾಟಕ ಮಂಡಳಿ, ಆ ಮಂಡಳಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲಾದ ಗುರ್ಲಹೊಸೂರದವರು! ಧಾರವಾಡ, ಹುಬ್ಬಳ್ಳಿ ಮಂದಿ ಆ ಕಂಪನಿ ನಾಟ್ಯಗೀತ ಕೇಳಿ ಕೇಳಿ ಹುಚ್ಚಾದವರು. ಹಂಗಾಗಿ ಒಪೇರಾ ನೋಡೋರು ಯಾರಿದ್ರು ಅಂತ ಕೇಳಿದ್ರಲ್ಲ, ಹಾಡ್ಕೋತ ನಾಟಕ ಆಡೋದು ನಮ್ಮ ಮಂದಿಗೇನು ಹೊಸಾದಲ್ರಿ, ರಾತ್ರಿ ಪೂರಾ ಕುಂತು ಒನ್ಸ್‌ಮೋರ್ ಹೊಡಿಯೋ ಮಂದಿ ಅವ್ರು. ಟಾಕಿ ಬಂದು ಕಂಪನಿಗಳ ಬಾಯಿಗೆ ಮಣ್ಣು ಹಾಕ್ತು, ಅದ ಟಾಕಿ ಈ ಥಿಯೇಟರಿಗೆ ಅನ್ನಾ ಹಾಕ್ತು.

ಡೊಂಬಿವಲಿ ಲೋಕಲ್:
ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಟಿಕೆಟ್ ತುಂಬಾ ದುಬಾರಿನಾ? ನಮ್ಮಂಥೋರು ಹೋಗೋ ಜಾಗ ಹೌದೋ ಅಲ್ವೋ ಅಂತ ಡೌಟು.

ಗಿರಗಾಂವ್ ಮಾಣಿ:
ಶೋ ನೋಡಿ ರೇಟ್ ಬದಲಾಗ್ತದೆ. ಈಗ ಇರುವುದೇ 575 ಸೀಟು, ಅದರಲ್ಲೇ ಖರ್ಚು ಹುಟ್ಟಬೇಕಲ್ಲ, ಮತ್ತೆ ಇದು ಸರಕಾರದ್ದಲ್ಲ, ಗೊಂಡಲ್ ಮನೆತನದ್ದೇ. ದೊಡ್ಡ ಕಾನ್ಸರ್ಟ್ ಎಲ್ಲ ನಮ್ಮ ಕೈಗೆ ಎಟಕುವುದು ಕಷ್ಟ, ನಾಟಕ ಇದ್ದ ದಿನ ಪರವಾಗಿಲ್ಲ. ಮುಂದಿನ ಸೀಟಿಗೆ ದುಡ್ಡು ಹಾಕ್ಬೇಡಿ, ಬಾಲ್ಕನಿ ತಗೊಳ್ಳಿ, ಮೇಡಂ ಹೇಳಿದ ಗುಮ್ಮಟ ಅಲ್ಲಿಂದ ಹತ್ರ ಕಾಣ್ತದೆ.

ಬೆಳಗಾವಿ ಕುಂದಾ:
ಸಂಗೀತ ನಾಟಕ ಇಟ್ರ ಇಲ್ಲೇ ಒಂದು ಮೆಸೇಜ್ ಹಾಕ್ರಿ ಮತ್ತ, ನಾವೂ ನಾಕು ಮಂದಿ ರಾತ್ರಿ ಬಸ್ ಹತ್ತತೀವಿ.