ದೊಡ್ಡಪ್ಪನ ಫಾರ್ವರ್ಡ್ ಮತ್ತು ವಿಂಡೋಸ್ 95

*ದೊಡ್ಡಪ್ಪ:* (ಹಲವು ಬಾರಿ ಫಾರ್ವರ್ಡ್ ಆಗಿದೆ) ಹಳೇ ಕಂಪ್ಯೂಟರಿನಲ್ಲಿ ಪ್ರೋಗ್ರಾಂಗಳು ಸಹಕಾರದಿಂದ ಬಾಳುತ್ತಿದ್ದವು. ಒಂದು ಕೆಟ್ಟರೆ ಎಲ್ಲವೂ ಕೆಟ್ಟವು. 1995ರಲ್ಲಿ ವಿಂಡೋಸ್ 95 ಜಗತ್ತಿನಲ್ಲೇ ಮೊದಲು ಶಿಸ್ತು ತಂದಿತು. ಅಂದಿನಿಂದ ಒಂದು ಪ್ರೋಗ್ರಾಂ ಇನ್ನೊಂದನ್ನು ನಿಲ್ಲಿಸಿದ್ದಿಲ್ಲ. ಮನೆಗೂ ಯಜಮಾನ ಬೇಕು. ಹತ್ತು ಜನಕ್ಕೆ ಕಳಿಸಿ 🙏

*ಅತ್ತೆ:* 🙏🙏 ಸತ್ಯವಾದ ಮಾತು

*ಭಾವ:* ಮೂಲ ಎಲ್ಲಿ?

*ದೊಡ್ಡಪ್ಪ:* ನದಿಮೂಲ, ಋಷಿಮೂಲ ಕೇಳಬಾರದು.

*ಭಾವ:* ಫಾರ್ವರ್ಡ್ ಮೂಲ ಕೇಳಬಹುದು. "ಜಗತ್ತಿನಲ್ಲೇ ಮೊದಲು" ಅನ್ನೋದು ಸುಳ್ಳು. ಅಮಿಗಾ ಕಂಪ್ಯೂಟರ್ 1985ರಲ್ಲೇ ಪ್ರಿಎಂಪ್ಟಿವ್, ಅಂದ್ರೆ ಪ್ರೋಗ್ರಾಂ ಬಿಟ್ಟುಕೊಡದಿದ್ದರೂ ಸಿಸ್ಟಂ ಬಲವಂತವಾಗಿ ಸರದಿ ಕಿತ್ಕೊಂಡು ಇನ್ನೊಂದಕ್ಕೆ ಕೊಡೋದು. ಅದೂ 256 ಕೆಬಿ ಮೆಮೊರಿಯಲ್ಲಿ. ಓಎಸ್/2 ಅನ್ನೋ ಸಿಸ್ಟಂ 1987. ವಿಂಡೋಸ್ ಎನ್‌ಟಿ 1993. ಯುನಿಕ್ಸ್ ಇವೆಲ್ಲಕ್ಕಿಂತ ಹಿರಿಯ.

*ಕಿಟ್ಟಿ:* ಅಮಿಗಾ ಅಂದ್ರೆ ಗುರು ಮೆಡಿಟೇಶನ್, ಅದು ಕೆಟ್ಟು ನಿಂತಾಗ ಬರ್ತಿದ್ದ ಸಂದೇಶ! ಕಪ್ಪು ಪರದೆ, ಮಿಣುಕೋ ಕೆಂಪು ಚೌಕಟ್ಟು 😍

*ಭಾವ:* ಅದು ಮೆಮೊರಿ ರಕ್ಷಣೆ ಇಲ್ಲದ್ದರ ಫಲ. ಸರದಿ ಹಂಚೋ ಶೆಡ್ಯೂಲರ್ ಸರದಿ ಕಿತ್ಕೊಳ್ಳಬಹುದು. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿ ಮೇಲೆ ಗೀಚಿದರೆ ತಡೆಯೋದು ಅದರ ಕೆಲಸ ಅಲ್ಲ. ಫಾರ್ವರ್ಡ್ ಬರೆದವರು ಎರಡನ್ನೂ ಕಲಸಿ ಚಿತ್ರಾನ್ನ ಮಾಡಿದ್ದಾರೆ.

*ಅಕ್ಕ:* ವಿಂಡೋಸ್ 3.1ರಲ್ಲಿ "ಸಹಕಾರ" ಅಂದ್ರೆ ಇಷ್ಟೇ: ಪ್ರೋಗ್ರಾಂ ತನಗೆ ಮೆಸೇಜ್ (ಕ್ಲಿಕ್, ಕೀಲಿ ಒತ್ತಿದ ಸುದ್ದಿ) ಇದೆಯಾ ಅಂತ ಗೆಟ್‌ಮೆಸೇಜ್, ಪೀಕ್‌ಮೆಸೇಜ್ ಥರದ್ದನ್ನ ಕರೆದಾಗ ಮಾತ್ರ ಪಕ್ಕದವರಿಗೆ ಸರದಿ. ಕರೆಯದೆ ಲೂಪ್‌ನಲ್ಲಿ ಸುತ್ತುತ್ತಾ ಕೂತರೆ ನಮಗೆ ಮರಳುಗಡಿಯಾರವೇ ಗತಿ. ಮಜಾ ಏನಂದ್ರೆ, 386 ಚಿಪ್‌ಗೆ ಅಂತಿದ್ದ ಎನ್‌ಹ್ಯಾನ್ಸ್ಡ್ ಮೋಡ್‌ನಲ್ಲಿ, ವಿಂಡೋಸ್‌ಗಿಂತ ಹಳೇ ಡಾಸ್ ಪ್ರೋಗ್ರಾಂಗಳ ಕಿಟಕಿಗಳಿಗೆ ಆಗಲೇ ಬಲವಂತದ ಸರದಿ ಇತ್ತು, ಒಂದೊಂದಕ್ಕೂ ಪ್ರತ್ಯೇಕ ವರ್ಚುವಲ್ ಮಶೀನ್, ಅಂದ್ರೆ ಕಂಪ್ಯೂಟರ್ ಒಳಗೊಂದು ನಕಲಿ ಕಂಪ್ಯೂಟರ್. ವಿಂಡೋಸ್ ಪ್ರೋಗ್ರಾಂಗಳಷ್ಟೂ ಮಾತ್ರ ಒಂದೇ ಮಶೀನಲ್ಲಿ.

*ಚಿಕ್ಕಿ:* ಅವಿಭಕ್ತ ಕುಟುಂಬ 😂

*ದೊಡ್ಡಪ್ಪ:* ಇದರಲ್ಲಿ ನಗೋದೇನಿದೆ?

*ಕಿಟ್ಟಿ:* ಹಳೇ ಮ್ಯಾಕ್‌ನಲ್ಲಿ ಮೆನು ಒತ್ತಿ ಹಿಡಿದರೆ ಹಿಂದಿನ ಪ್ರೋಗ್ರಾಂಗಳೆಲ್ಲ ಗಪ್‌ಚುಪ್. ಮ್ಯಾಕ್ ಕೆಟ್ಟಾಗ ಬರ್ತಿದ್ದ ಬಾಂಬ್ ಚಿತ್ರ ಯಾರ ಹತ್ರಾನಾದ್ರೂ ಇದ್ಯಾ? ಸ್ಟಿಕರ್ ಮಾಡೋಣ.

*ಅಕ್ಕ:* ಅಲ್ಲಿ ಸರದಿ ಬಿಟ್ಟುಕೊಡೋ ಕರೆ ವೇಟ್‌ನೆಕ್ಸ್ಟ್‌ಇವೆಂಟ್. ಎಷ್ಟು ಹೊತ್ತು ಮಲಗ್ತೀನಿ ಅಂತ ಪ್ರೋಗ್ರಾಮೇ ಹೇಳಬೇಕು, ಸೆಕೆಂಡಿನ 1/60ರ ಲೆಕ್ಕದಲ್ಲಿ. ಸೊನ್ನೆ ಅಂದವನು ದುರಾಸೆಯವನು. ಮ್ಯಾಕ್‌ನಲ್ಲಿ ಈ ಕಾಟ ಪೂರ್ತಿ ತಪ್ಪಿದ್ದು 2001ರ ಓಎಸ್ ಟೆನ್‌ನಿಂದ.

*ಭಾವ:* "ಅಂದಿನಿಂದ ನಿಲ್ಲಿಸಿದ್ದಿಲ್ಲ" ಅನ್ನೋದೂ ಸುಳ್ಳು. ವಿಂಡೋಸ್ 95ರಲ್ಲಿ 16 ಬಿಟ್‌ನ ಹಳೇ ಕೋಡ್‌ಗೆಲ್ಲ ಸೇರಿ ಒಂದೇ ಬೀಗ, ವಿನ್16ಮ್ಯೂಟೆಕ್ಸ್; ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದು. ಹಳೇ ಪ್ರೋಗ್ರಾಂ ಅದನ್ನ ಹಿಡ್ಕೊಂಡೇ ನೇತುಬಿದ್ದರೆ, ಹೊಸ 32 ಬಿಟ್ ಪ್ರೋಗ್ರಾಂ ಲೆಕ್ಕ ಮಾಡ್ತಾ ಇರಬಹುದು, ಕಿಟಕಿ ಬರೆಯೋಕೆ ಹೋದ ಕೂಡಲೇ ಅದೂ ಕ್ಯೂನಲ್ಲಿ.

*ಅಕ್ಕ:* ಈ ಬೀಗದ ವಿಷಯ ನಾನು ಯುಗಾದಿಗೆ ಇದೇ ಗುಂಪಲ್ಲಿ ಬರೆದಿದ್ದೆ. ಆಗಲೂ ನೀವು "ಮೂಲ?" ಅಂದಿದ್ರಿ.

*ಭಾವ:* ಮೂಲ ಕೇಳೋದು ತಪ್ಪಾ?

*ಅಕ್ಕ:* ಕೇಳಿ, ಆಮೇಲೆ ಅದನ್ನೇ ನಿಮ್ಮದು ಅಂತ ಹೇಳೋದು ತಪ್ಪು.

*ಅತ್ತೆ:* ಇಬ್ಬರೂ ಸಮಾಧಾನ 🙏

*ಚಿಕ್ಕಿ:* ಎಲ್ಲ ಸರಿ, ಈಗಿನ ವಿಂಡೋಸ್‌ನಲ್ಲೂ ಕಿಟಕಿ ಬೆಳ್ಳಗಾಗಿ "ಪ್ರತಿಕ್ರಿಯಿಸುತ್ತಿಲ್ಲ" ಅಂತ ಯಾಕೆ ಬರುತ್ತೆ?

*ಅಕ್ಕ:* ಈ ಗುಂಪಲ್ಲಿ ಇವತ್ತಿನ ಮೊದಲ ಒಳ್ಳೇ ಪ್ರಶ್ನೆ. ಪ್ರೋಗ್ರಾಂಗಳ ನಡುವೆ ಬಲವಂತ ಬಂತು, ಪ್ರೋಗ್ರಾಮಿನ ಒಳಗೆ ಇನ್ನೂ ಸಹಕಾರವೇ. ಕಿಟಕಿ ನೋಡ್ಕೊಳ್ಳೋ ಥ್ರೆಡ್ (ಪ್ರೋಗ್ರಾಮಿನ ಒಳಗಿನ ಒಂದು ಕೆಲಸದ ಎಳೆ) 5 ಸೆಕೆಂಡ್ ಮೆಸೇಜ್ ತೆಗೆದುಕೊಳ್ಳದಿದ್ದರೆ ಸಿಸ್ಟಂ ಆ ಹಣೆಪಟ್ಟಿ ಹಚ್ಚುತ್ತೆ. ಬರೆದವರು ದೊಡ್ಡ ಫೈಲ್ ಓದೋದನ್ನ, ನೆಟ್‌ವರ್ಕ್‌ಗೆ ಕಾಯೋದನ್ನ ಅದೇ ಥ್ರೆಡ್‌ಗೆ ಹೇರಿರ್ತಾರೆ. ಬೇರೆ ಥ್ರೆಡ್‌ಗೆ ಹಾಕಬೇಕಿತ್ತು. ಕೊಲ್ಲೋ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ "ಅನಲೈಜ್ ವೇಟ್ ಚೈನ್" ಒತ್ತು. ಬೇರೆ ಪ್ರೋಗ್ರಾಂಗೆ ಕಾಯ್ತಿದ್ದರೆ ಅದರ ಹೆಸರು ಸಿಗಬಹುದು. ಸಿಪಿಯು ಓಡ್ತಾನೇ ಇದ್ದರೆ ಸ್ವಲ್ಪ ತಾಳು, ಕೆಲಸ ಮುಗಿಸಿ ತಾನೇ ಎದ್ದೇಳೋದೂ ಉಂಟು.

*ಕಿಟ್ಟಿ:* ಭಾವನ ಪೈಥಾನ್ ಸರ್ವರ್ ಥರ. ಸರದಿ ಬಿಟ್ಟುಕೊಡಬೇಕಾದ ಅಸಿಂಕ್ ಫಂಕ್ಷನ್ ಒಳಗೆ ಟೈಮ್.ಸ್ಲೀಪ್(10), ಎಲ್ಲರ ಕೆಲಸ ಸುತ್ತಿಸೋ ಇಡೀ ಲೂಪ್ 10 ಸೆಕೆಂಡ್ ನಿದ್ದೆ 😴

*ಭಾವ:* ಅದು ಟೆಸ್ಟ್ ಕೋಡ್. ಸರದಿ ಬಿಟ್ಟು ಮಲಗೋ ಅಸಿಂಕ್‌ಐಒ.ಸ್ಲೀಪ್ ಹಾಕಿ ಅವೈಟ್ ಬರೆದು ಅವತ್ತೇ ಸರಿ ಮಾಡಿದ್ದೆ.

*ಅಕ್ಕ:* ಮೂಲ?

*ದೊಡ್ಡಪ್ಪ:* ಇಷ್ಟು ಹೊತ್ತಲ್ಲಿ ನನಗೆ ಒಬ್ಬರಾದರೂ ಮಾತಾಡೋಕೆ ಸರದಿ ಕೊಟ್ರಾ? ನಾನಾಗಲೇ ಇನ್ನು ಮೂರು ಗುಂಪಿಗೆ ಕಳಿಸಿ ಆಯ್ತು.