ಹಳೇ ಎಕ್ಸ್5: ಮಳೆ ಬಂದರೆ ಎಡಗಡೆ ಕಾರ್ಪೆಟ್ ಒದ್ದೆ, ಡಿಕ್ಕಿಯ ಬ್ಯಾಟರಿ ಗುಂಡಿಯಲ್ಲೂ ನೀರು

ಸೆಕೆಂಡ್‌ಹ್ಯಾಂಡ್ ಸಾಹುಕಾರ

ಗಾಡಿ 2011ರ ಬಿಎಂಡಬ್ಲ್ಯು ಎಕ್ಸ್5, ಇ70 ಬಾಡಿ, 3.0 ಡೀಸೆಲ್, ಪನೋರಮಾ ಸನ್‌ರೂಫ್ ಇರೋದು. 1,08,000 ಕಿ.ಮೀ. ಓಡಿದೆ. ಬೆಂಗಳೂರಲ್ಲಿ ರಸ್ತೆ ಬದಿ, ಮಳೆಮರದ ಕೆಳಗೆ ನಿಲ್ಲುತ್ತೆ. ಎಂಜಿನ್, ಸಸ್ಪೆನ್ಷನ್ ಕೆಲಸ ಮುಗಿದಿದೆ. ಇನ್ನು ಒಳಗಿನ ಸೀಟು, ಕಾರ್ಪೆಟ್‌ಗೆ ಕೈ ಹಾಕಬೇಕು ಅಂದರೆ ನೀರಿನ ಕಾಟ.

ಎಡ ಹಿಂದಿನ ಸೀಟಿನ ಕಾಲಡಿ ಕಾರ್ಪೆಟ್ ಮುಟ್ಟಿದರೆ ಬರೀ ತಣ್ಣಗಿರುತ್ತೆ, ಹೆಬ್ಬೆರಳಲ್ಲಿ ಒತ್ತಿದರೆ ನೀರು ಜಿನುಗುತ್ತೆ. ಎಡ ಮುಂದೆ ಸ್ವಲ್ಪ ತೇವ. ಬಲಗಡೆ ಪೂರ್ತಿ ಒಣ. ಡಿಕ್ಕಿಯ ನೆಲ ಎತ್ತಿದರೆ ಬ್ಯಾಟರಿ ಇರೋ ಗುಂಡಿಯಲ್ಲಿ ಎರಡು ಬೆರಳಷ್ಟು ಕಂದು ನೀರು. ಮೂರು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗಲ್ಲ. ಬ್ಯಾಟರಿ 95 ಎಎಚ್ (ಆಂಪಿಯರ್-ಅವರ್), ಹಾಕಿ ವರ್ಷವೂ ಆಗಿಲ್ಲ.

ಹಳೇ ಬಿಲ್ಲುಗಳಲ್ಲಿ ಎಡ ಹಿಂಬಾಗಿಲಿನ ವಿಂಡೋ ರೆಗ್ಯುಲೇಟರ್ (ಗ್ಲಾಸ್ ಏರಿಸಿ ಇಳಿಸೋ ಭಾಗ) ಬದಲಾಯಿಸಿದ್ದು ಕಾಣುತ್ತೆ. ಸನ್‌ರೂಫ್ ಗ್ಲಾಸಿನ ಸುತ್ತ ಸಿಲಿಕಾನ್ ಎಳೆದು ಕಾಯಂ ಮುಚ್ಚಿಬಿಡಿ ಅನ್ನೋ ಸಲಹೆ ಬಂದಿದೆ. ಮುಚ್ಚಲಾ? ಇಲ್ಲ ಅಂದರೆ ಎಲ್ಲಿಂದ ಹುಡುಕಲು ಶುರು ಮಾಡಲಿ?

ಸ್ಪ್ಯಾನರ್ ಸಂಗಪ್ಪ

ಸಿಲಿಕಾನ್ ಡಬ್ಬ ಮೊದಲು ಕೆಳಗಿಡಿ ಸರ್. ಸನ್‌ರೂಫ್ ಗ್ಲಾಸಿನ ಸುತ್ತ ಇರೋ ರಬ್ಬರ್ ನೀರನ್ನು ಪೂರ್ತಿ ತಡೆಯೋಕೆ ಮಾಡಿದ್ದೇ ಅಲ್ಲ. ಸ್ವಲ್ಪ ನೀರು ಒಳಗೆ ಬರಲಿ ಅಂತಲೇ ಕೆಳಗೊಂದು ತೊಟ್ಟಿಯಂಥ ಚೌಕಟ್ಟು ಇದೆ. ಅದರ ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪು ರೂಫ್ ಹೊತ್ತಿರೋ ಕಂಬಗಳ ಒಳಗೆ ಇಳಿದು ನೀರನ್ನು ಗಾಡಿಯ ಹೊರಗೆ ಬಿಡುತ್ತವೆ. ಮನೆಯ ತಾರಸಿ, ಅದರ ಮಳೆನೀರಿನ ದೋಣಿ ಇದ್ದ ಹಾಗೆ. ದೋಣಿ ಕಟ್ಟಿಕೊಂಡಿದೆ ಅಂತ ಯಾರೂ ತಾರಸಿಗೆ ಮುಚ್ಚಳ ಹಾಕಲ್ಲ. ಸಿಲಿಕಾನ್ ಹಾಕಿದರೆ ಇನ್ನೊಂದು ತೊಂದರೆಯೂ ಇದೆ: ಅದು ಅಂಚಲ್ಲಿ ಬಿಟ್ಟರೆ ಆಮೇಲೆ ಅದರ ಮೇಲೆ ಬೇರೆ ಯಾವ ಅಂಟೂ ಕೂರಲ್ಲ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಒಂದು ಸೋರಿಕೆಯಲ್ಲ, ಎರಡು. ಡಿಕ್ಕಿಯ ನೀರಿಗೂ ಕಾಲಡಿಯ ನೀರಿಗೂ ಸಂಬಂಧ ಇರಲಾರದು. ರೆಗ್ಯುಲೇಟರ್ ಬದಲಾದ ಬಾಗಿಲೇ ಒದ್ದೆ ಇರೋ ಕಡೆಯದು ಅನ್ನೋದನ್ನ ನೆನಪಿಡಿ.

ಇವತ್ತೇ ಮಾಡಬೇಕಾದ್ದು: ಗುಂಡಿಯ ನೀರು ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆ ಟರ್ಮಿನಲ್ ಮೇಲೇ ಬ್ಯಾಟರಿ ಸೆನ್ಸರ್ ಕೂತಿದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಮುರಿಯುತ್ತೆ. ಕ್ಲ್ಯಾಂಪ್ ಸಡಿಲ ಮಾಡಿ ನೇರ ಮೇಲಕ್ಕೆ ಎತ್ತಿ.

ಆಮೇಲೆ ಹುಡುಕಾಟ. ಮಳೆ ಬಿಟ್ಟ ತಕ್ಷಣ ಎಡ ಹಿಂಬಾಗಿಲು ತೆಗೆದು ಕೆಳಗಿನ ಹೊಸಿಲು ನೋಡಿ. ಬಾಗಿಲ ರಬ್ಬರಿನ ಒಳಪಕ್ಕಕ್ಕೆ, ಅಂದರೆ ಕಾರ್ಪೆಟ್ ಕಡೆಗೆ, ನೀರಿನ ಗೆರೆ ಇದ್ದರೆ ನೀರು ಬಾಗಿಲ ಒಳಗಿಂದ ಬರುತ್ತಿದೆ. ಡಿಕ್ಕಿಗೆ: ಸನ್‌ರೂಫ್ ತೆಗೆದು ಹಿಂದಿನ ಎರಡು ಮೂಲೆಗೆ ಒಂದೊಂದಕ್ಕೆ 250 ಎಂಎಲ್ ನೀರು ನಿಧಾನಕ್ಕೆ ಸುರಿಯಿರಿ. ಹಿಂದಿನ ಮೂಲೆ ಕೈಗೆ ಸಿಗದಿದ್ದರೆ ಸಿರಿಂಜಿಗೆ ಉದ್ದ ಟ್ಯೂಬ್ ಸಿಕ್ಕಿಸಿ ಬಿಡಿ. ಹಿಂದಿನ ಬಂಪರ್ ಮರೆಯಿಂದ ಅಷ್ಟೇ ನೀರು, ಅಷ್ಟೇ ಬೇಗ ನೆಲಕ್ಕೆ ಬೀಳಬೇಕು. ಎಡ ಬಲ ಹೋಲಿಸಿ.

ತೇವದ ಶತ್ರು

ಸಂಗಪ್ಪನವರ ಮಾತಿಗೆ ಸೇರಿಸೋದು: ಬಾಗಿಲು, ಸನ್‌ರೂಫ್ ಬಿಚ್ಚೋ ಮುಂಚೆ ನೀರು ಎಂಥದ್ದು ಅಂತ ನೋಡಿ. ಬಿಳಿ ಟಿಶ್ಯೂ ಅದ್ದಿ. ಕಂದು ಬಣ್ಣ, ಮಣ್ಣಿನ ವಾಸನೆ ಅಂದರೆ ಮಳೆ ನೀರು. ಸೋಪಿನ ವಾಸನೆ ಅಂದರೆ ಹಿಂದಿನ ಗ್ಲಾಸಿನ ವಾಷರ್ ಪೈಪು. ಅದು ಡಿಕ್ಕಿ ಬಾಗಿಲ ಕೀಲಿನ ಹತ್ತಿರ ಮಡಚಿ ಮಡಚಿ ಸೀಳುತ್ತೆ, ವಾಷರ್ ಒತ್ತಿದಾಗ ಮಾತ್ರ ಸೋರುತ್ತೆ. ಅಂಟಂಟು, ಸಿಹಿ ವಾಸನೆ ಅಂದರೆ ಕೂಲಂಟ್, ಹೀಟರ್ ಕಡೆ ನೋಡಬೇಕು. ಬರೀ ತಿಳಿ ನೀರು, ಅದೂ ಬಿಸಿಲಲ್ಲಿ ಎಸಿ ಹಾಕಿ ಓಡಿಸಿದ ದಿನ, ಅಂದರೆ ಎಸಿ ನೀರಿನ ಪೈಪು ಕಟ್ಟಿದೆ. ಅದು ಮುಂದಿನ ಕಾಲಡಿಯಲ್ಲೇ ಕಾಣೋದು. ನಿಮ್ಮ ಎಡ ಮುಂದಿನ ತೇವಕ್ಕೆ ಈ ಕೊನೆಯದನ್ನ ಒಮ್ಮೆ ಪರೀಕ್ಷಿಸಿ: 20 ನಿಮಿಷ ಎಸಿ ಓಡಿಸಿ, ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತಾ ನೋಡಿ. ತೊಟ್ಟಿಕ್ಕಿದರೆ ಅದನ್ನು ಬಿಟ್ಟುಬಿಡಿ. ಹಿಂದೆ ತುಂಬಿದ ನೀರು ಬ್ರೇಕ್ ಹಾಕಿದಾಗೆಲ್ಲ ಸ್ಪಂಜಿನ ಅಡಿಯಲ್ಲಿ ಮುಂದಕ್ಕೆ ಹರಿಯುತ್ತೆ, ಅಷ್ಟೇ.

ಡಿಕ್ಕಿಗೆ ನೀರು ಬರೋಕೆ ಸನ್‌ರೂಫ್ ಪೈಪು ಒಂದೇ ದಾರಿಯಲ್ಲ. ಟೈಲ್ ಲ್ಯಾಂಪಿನ ಗ್ಯಾಸ್ಕೆಟ್, ರೂಫ್ ಮೇಲಿನ ಆಂಟೆನಾ ಬುಡ, ರೂಫ್ ರೇಲಿನ ಬೋಲ್ಟ್ ತೂತು, ಬಂಪರ್ ಹಿಂದಿನ ಗಾಳಿ ಕಿಂಡಿ, ಎಲ್ಲವೂ ಸಾಧ್ಯ. ಹಾಗಾಗಿ ಎರಡೂ ಬದಿಯ ಒಳಗಿನ ಪ್ಯಾನೆಲ್ ಬಿಚ್ಚಿ, ತಗಡು ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚೋ ಪೌಡರನ್ನು ಬ್ರಷ್‌ನಲ್ಲಿ ತೆಳ್ಳಗೆ ಸವರಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತಿರಲಿ. ಇನ್ನೊಬ್ಬರು ನಾಝಲ್ ಇಲ್ಲದ ಪೈಪಲ್ಲಿ, ಕಡಿಮೆ ರಭಸದಲ್ಲಿ, ಕೆಳಗಿಂದ ಮೇಲಕ್ಕೆ ನೀರು ಬಿಡಲಿ: ಬಂಪರ್, ಲ್ಯಾಂಪ್, ಹಿಂದಿನ ಗ್ಲಾಸ್, ಕೊನೆಗೆ ರೂಫ್. ಒಂದೊಂದು ಜಾಗಕ್ಕೆ 5 ನಿಮಿಷ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು, ಯಾವ ತೂತಿಂದ ಬಂತು ಅಂತ ಗೊತ್ತೇ ಆಗಲ್ಲ. ಒಂದು ಹನಿ ಬಂದರೂ ಪೌಡರ್ ಮೇಲೆ ಅದು ಇಳಿದ ದಾರಿ ಗೆರೆಯಾಗಿ ಉಳಿಯುತ್ತೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ಕೆಎ04 ಡೀಸೆಲ್

ಇಷ್ಟೆಲ್ಲಾ ಯಾಕೆ ಗುರು, ಪಂಕ್ಚರ್ ಅಂಗಡೀಲಿ ಕಂಪ್ರೆಸರ್ ಗಾಳಿ ಹೊಡೆಸಿದರೆ ಪೈಪು ಕ್ಲೀನ್.

ಸ್ಪ್ಯಾನರ್ ಸಂಗಪ್ಪ

@ಕೆಎ04 ಡೀಸೆಲ್, ಬೇಡ. ಆ ಪೈಪು ಚೌಕಟ್ಟಿನ ಮೂತಿಗೆ ಬರೀ ಬಿಗಿಯಾಗಿ ತೂರಿಸಿ ನಿಲ್ಲಿಸಿದ್ದು. ಕೆಳಗೆ ಕಟ್ಟಿದೆ, ಮೇಲಿಂದ 100 ಪಿಎಸ್‌ಐ ಬಂತು ಅಂದರೆ ಕಸ ಹೋಗೋ ಮುಂಚೆ ಪೈಪೇ ಮೂತಿಯಿಂದ ಕಳಚಿಕೊಳ್ಳುತ್ತೆ. ಮೊದಲು ತೊಟ್ಟಿ ತುಂಬಿ ಚೆಲ್ಲುತ್ತಿದ್ದ ನೀರು ಆಮೇಲೆ ನೇರ ರೂಫ್ ಬಟ್ಟೆಗೆ ಇಳಿಯುತ್ತೆ. ಸರಿ ಮಾಡೋಕೆ ರೂಫ್ ಲೈನಿಂಗ್ ಇಳಿಸಬೇಕು.

ಸೆಕೆಂಡ್‌ಹ್ಯಾಂಡ್ ಸಾಹುಕಾರ

ಪರೀಕ್ಷೆಯ ಫಲ: ನೀರು ಕಂದು, ವಾಸನೆ ಮಣ್ಣಿನದು. ಎಸಿ ನೀರು ಸರಿಯಾಗಿ ಹೊರಗೆ ಬೀಳ್ತಿದೆ. ಸನ್‌ರೂಫ್ ಮುಂದಿನ ಎರಡೂ ಮೂಲೆ ಚೆನ್ನಾಗಿವೆ. ಹಿಂದೆ ಬಲಗಡೆ 250 ಎಂಎಲ್ ಅರ್ಧ ನಿಮಿಷದಲ್ಲಿ ಹೊರಗೆ. ಎಡಗಡೆ ಕೆಳಗೆ ನಾಲ್ಕೈದು ಹನಿ ಮಾತ್ರ, ಎರಡು ನಿಮಿಷಕ್ಕೆ ಡಿಕ್ಕಿಯ ಎಡ ಕಂಬದ ಪೌಡರ್ ಮೇಲೆ ಗೆರೆ, ರೂಫ್ ಬಟ್ಟೆಯ ಮೂಲೆಯಿಂದಲೇ ಶುರು. ಲ್ಯಾಂಪ್, ಆಂಟೆನಾ ಎರಡೂ ಒಣ. ಎಡ ಹಿಂಬಾಗಿಲ ಹೊಸಿಲಲ್ಲಿ ನೀವು ಹೇಳಿದ ಗೆರೆಯೂ ಇದೆ. ಎರಡನ್ನೂ ಸರಿ ಮಾಡೋ ಕ್ರಮ ಹೇಳಿ.

ಸ್ಪ್ಯಾನರ್ ಸಂಗಪ್ಪ

ಪೈಪು ಮೊದಲು. ಹುಲ್ಲು ಕತ್ತರಿಸೋ ಮಷೀನಿನ ನೈಲಾನ್ ದಾರ, 2 ಅಥವಾ 2.4 ಎಂಎಂ, ಮೂರು ಮೀಟರ್ ತಗೊಳ್ಳಿ. ತುದಿಯನ್ನ ಲೈಟರ್‌ನಲ್ಲಿ ಕರಗಿಸಿ ಗುಂಡಗೆ ಮಾಡಿ, ಚೂಪಿದ್ದರೆ ಪೈಪು ಸೀಳುತ್ತೆ. ಕಬ್ಬಿಣದ ತಂತಿ ಮುಟ್ಟಲೇಬೇಡಿ. ಆದಷ್ಟೂ ಕೆಳ ತುದಿಯಿಂದ ಮೇಲಕ್ಕೆ ತೂರಿಸಿ, ಕಸ ಕೂತಿರೋದು ಹೆಚ್ಚಾಗಿ ಕೆಳಗಿನ ರಬ್ಬರ್ ಬಾಯಲ್ಲಿ. ಮಳೆಮರ, ಗುಲ್‌ಮೊಹರ್ ಎರಡರದ್ದೂ ಒಂದೇ ಕಥೆ: ದೊಡ್ಡ ಎಲೆ ತೊಟ್ಟಿಯಲ್ಲೇ ನಿಲ್ಲುತ್ತೆ, ಈ ಪುಟಾಣಿ ಎಲೆಗಳು ಪೈಪಿಗೆ ಇಳಿದು, ಧೂಳಿನ ಜತೆ ಸೇರಿ ಕಪ್ಪು ಗೊಜ್ಜಾಗಿ ಕೂರುತ್ತವೆ. ಗೊಜ್ಜು ಬಂದ ಮೇಲೆ ಉಗುರುಬೆಚ್ಚನೆ ಸೋಪುನೀರು ಅರ್ಧ ಲೀಟರ್ ಬಿಡಿ.

ನಿಮ್ಮದರಲ್ಲಿ ನೀರು ರೂಫ್ ಮೂಲೆಯಿಂದಲೇ ಇಳಿದಿದೆ ಅಂದರೆ, ತೊಟ್ಟಿ ತುಂಬಿ ಚೆಲ್ಲಿರಬಹುದು, ಇಲ್ಲವೇ ಪೈಪು ಮೂತಿಯಿಂದ ಕಳಚಿರಬಹುದು. ಕಟ್ಟು ಬಿಡಿಸಿದ ಮೇಲೂ ಒಳಗೆ ಇಳಿದರೆ ಕಳಚಿದೆ ಅಂತಲೇ ಅರ್ಥ. ಆಗ ಕಂಬದ ಟ್ರಿಮ್ ತೆಗೆದು ರೂಫ್ ಲೈನಿಂಗ್ ಮೂಲೆಯನ್ನ ಕೈ ಹೋಗುವಷ್ಟು ಮಾತ್ರ ಇಳಿಸಿ, ಜಾಸ್ತಿ ಬಾಗಿಸಿದರೆ ಮಡಿಕೆ ಬಿದ್ದು ಕಾಯಂ ಉಳಿಯುತ್ತೆ. ಅಲ್ಲೇ ರೂಫ್ ಅಂಚಿನುದ್ದಕ್ಕೂ ಕರ್ಟನ್ ಏರ್‌ಬ್ಯಾಗ್ ಇದೆ. ಬ್ಯಾಟರಿ ಬಿಚ್ಚಿಯೇ ಇರಲಿ, ಪೈಪನ್ನು ಅದಕ್ಕೆ ಕಟ್ಟಬೇಡಿ. ಪೈಪಿನ ತುದಿ ಗಟ್ಟಿಯಾಗಿದ್ದರೆ ಒಂದು ಸೆಂ.ಮೀ. ಕತ್ತರಿಸಿ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಮೂತಿಗೆ ಪೂರ್ತಿ ಏರಿಸಿ, ಸಣ್ಣ ಕ್ಲಿಪ್ ಹಾಕಿ.

ಇನ್ನು ಬಾಗಿಲು. ಯಾವ ಕಾರಿನ ಬಾಗಿಲಾದರೂ ಗ್ಲಾಸಿನ ಪಕ್ಕದಿಂದ ಒಳಗೆ ನೀರು ಇಳಿದೇ ಇಳಿಯುತ್ತೆ, ತಳದ ಸೀಳುಗಳಿಂದ ಹೊರಗೆ ಹೋಗುತ್ತೆ. ಆ ಒದ್ದೆ ಭಾಗಕ್ಕೂ ನೀವು ಕೈ ಇಡೋ ಡೋರ್ ಪ್ಯಾಡಿಗೂ ನಡುವೆ ಒಂದು ಫೋಮ್ ಹಾಳೆ, ಅದರ ಸುತ್ತ ಕಪ್ಪು ಬ್ಯುಟೈಲ್ ಅಂಟು. ರೆಗ್ಯುಲೇಟರ್ ಬದಲಾಯಿಸೋರು ಹಾಳೆ ಕಿತ್ತು, ಕೆಲಸ ಮುಗಿಸಿ, ಧೂಳು ಮೆತ್ತಿದ ಅದೇ ಅಂಟಿನ ಮೇಲೆ ಒತ್ತಿ ಪ್ಯಾಡ್ ಮುಚ್ಚಿಬಿಡ್ತಾರೆ. ಕೆಳಗಿನ ಅಂಚು ಬಿಡುತ್ತೆ, ನೀರು ಪ್ಯಾಡ್ ಕಡೆ ಬಂದು ಹೊಸಿಲು ದಾಟುತ್ತೆ. ಹೊರಗಿನ ಬಾಗಿಲ ರಬ್ಬರ್ ಎಷ್ಟು ಹೊಸದು ಹಾಕಿದರೂ ಉಪಯೋಗವಿಲ್ಲ.

ಪ್ಯಾಡ್ ತೆಗೆದ ಮೇಲೆ ಹಳೇ ಅಂಟನ್ನ ಪೆಟ್ರೋಲ್, ತಿನ್ನರ್ ಹಾಕಿ ಉಜ್ಜಬೇಡಿ, ಎಲ್ಲಾ ಕಡೆ ಬಳಿದುಕೊಳ್ಳುತ್ತೆ. ಸ್ವಲ್ಪ ಅಂಟು ಕಿತ್ತು ಉಂಡೆ ಮಾಡಿ, ಆ ಉಂಡೆಯಿಂದಲೇ ಒತ್ತಿ ಒತ್ತಿ ಎತ್ತಿ, ಉಳಿದದ್ದು ಅದಕ್ಕೇ ಹತ್ತಿಕೊಂಡು ಬರುತ್ತೆ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ತಳದ ಸೀಳುಗಳು ತೆರೆದಿವೆಯಾ ನೋಡಿ. ಹಾಳೆ ಹರಿದಿದ್ದರೆ ಹೊಸದೇ ಹಾಕಿ, ಇಲ್ಲವಾದರೆ ಅದೇ ಸಾಕು. 8ರಿಂದ 10 ಎಂಎಂ ದಪ್ಪದ ಬ್ಯುಟೈಲ್ ಹಗ್ಗ ಸುರುಳಿಯಲ್ಲಿ ಸಿಗುತ್ತೆ, ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಒಂದು ಬಾಗಿಲಿಗೆ ಮೂರೂವರೆ ಮೀಟರ್ ಇಟ್ಟುಕೊಳ್ಳಿ. ಜೋಡಣೆ ಮೇಲ್ಭಾಗದಲ್ಲಿ ಬರಲಿ, ತಳದಲ್ಲಿ ಬೇಡ. ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ ರೋಲರ್‌ನಿಂದ ಒತ್ತಿ. ಪ್ಯಾಡ್ ಹಾಕೋ ಮುಂಚೆ ಬಾಗಿಲು ಮುಚ್ಚಿ ಗ್ಲಾಸ್ ಮೇಲೆ 10 ನಿಮಿಷ ನೀರು ಬಿಡಿ, ಒಳಗಿಂದ ಹಾಳೆಯ ಕೆಳ ಅಂಚಿಗೆ ಟಿಶ್ಯೂ ಒತ್ತಿ ನೋಡಿ. ಟಿಶ್ಯೂ ಒಣಗಿದ್ದರೆ ಮಾತ್ರ ಪ್ಯಾಡ್.

ತೇವದ ಶತ್ರು

ಒಣಗಿಸೋದನ್ನ ಹಗುರವಾಗಿ ತಗೋಬೇಡಿ. ಕಾರ್ಪೆಟ್ ಅಡಿ ಮೂರ್ನಾಲ್ಕು ಸೆಂ.ಮೀ. ದಪ್ಪದ ಸ್ಪಂಜು, ಲೀಟರ್‌ಗಟ್ಟಲೆ ನೀರು ಹಿಡಿಯುತ್ತೆ. ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದರೆ ಆವಿ ಮೇಲೆದ್ದು ರಾತ್ರಿ ಮತ್ತೆ ಅಲ್ಲೇ ಇಳಿಯುತ್ತೆ. ಸಿಲಿಕಾ ಜೆಲ್ ಪೊಟ್ಟಣ, ಪರ್ಫ್ಯೂಮ್ ಎಲ್ಲಾ ಸುಮ್ಮನೆ. ಎಡ ಮುಂದಿನ ಸೀಟು, ಹೊಸಿಲ ಟ್ರಿಮ್ ಬಿಚ್ಚಿ, ಕಾರ್ಪೆಟ್ ಎತ್ತಿ ಅಡಿಗೆ ಮರದ ತುಂಡು ಕೊಟ್ಟು, ವೆಟ್ ವ್ಯಾಕ್ಯೂಮ್‌ನಲ್ಲಿ ಹೀರಿ, ಎರಡು ಟೇಬಲ್ ಫ್ಯಾನ್ ಮೂರು ದಿನ ಬಿಡಿ. ಸೀಟಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು: ಬ್ಯಾಟರಿ ಬಿಚ್ಚಿ 10 ನಿಮಿಷ ಕಾದು ತೆಗೆಯಿರಿ, ಸೀಟು ಹೊರಗಿದ್ದಾಗ ಇಗ್ನಿಷನ್ ಆನ್ ಮಾಡಬೇಡಿ. ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ, ಸ್ಕ್ಯಾನರ್ ಇಲ್ಲದೆ ಹೋಗಲ್ಲ.

ಸ್ಪಂಜಿನ ಅಡಿಯ ವೈರಿಂಗ್‌ನಲ್ಲಿ ಬಟ್ಟೆ ಟೇಪ್ ಸುತ್ತಿದ ಜಾಯಿಂಟುಗಳನ್ನ ಬಿಚ್ಚಿ ನೋಡಿ. ಹಸಿರು ಪುಡಿ ಕಂಡರೆ ತಾಮ್ರ ಹೊಳೆಯೋವರೆಗೆ ಕತ್ತರಿಸಿ, ಹೊಸ ಜಾಯಿಂಟ್ ಹಾಕಿ, ಒಳಗೆ ಅಂಟು ಇರೋ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗೋ ಕೊಳವೆ) ಏರಿಸಿ. ಡಿಕ್ಕಿಯ ಮಾಡ್ಯೂಲುಗಳ (ಎಲೆಕ್ಟ್ರಾನಿಕ್ ಕಂಟ್ರೋಲ್ ಡಬ್ಬಿಗಳ) ಕನೆಕ್ಟರ್ ಒಂದೊಂದೇ ಬಿಚ್ಚಿ 99% ಐಸೋಪ್ರೊಪೈಲ್, ಮೆತ್ತನೆ ಹಲ್ಲುಜ್ಜೋ ಬ್ರಷ್. ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತೆ.

ಬ್ಯಾಟರಿ ಲೆಕ್ಕ ನೋಡಿ: 95 ಎಎಚ್‌ನಲ್ಲಿ ಅರ್ಧ ಹೋದರೆ ಸ್ಟಾರ್ಟ್ ಕಷ್ಟ. 72 ಗಂಟೆಗೆ ಸುಮಾರು 47 ಎಎಚ್, ಅಂದರೆ 0.65 ಆಂಪಿಯರ್ ಸತತ ಎಳೆತ. ಗಾಡಿ ನಿಂತ ಮೇಲೂ ಯಾವುದೋ ಮಾಡ್ಯೂಲ್ ಕೆಲಸ ನಿಲ್ಲಿಸಿ ಮಲಗ್ತಿಲ್ಲ. ಡಿಕ್ಕಿಯ ಲಾಕನ್ನು ಸ್ಕ್ರೂಡ್ರೈವರ್‌ನಲ್ಲಿ ಮುಚ್ಚಿದ ಹಾಗೆ ತಿರುಗಿಸಿ, ಗಾಡಿ ಲಾಕ್ ಮಾಡಿ, ಒಂದು ಗಂಟೆ ಬಿಟ್ಟು ನೆಗೆಟಿವ್ ಕೇಬಲ್‌ಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ. 0.05 ಆಂಪಿಯರ್ ಒಳಗಿರಬೇಕು. ಹೆಚ್ಚಿದ್ದರೆ ಫ್ಯೂಸ್ ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ್ದ ಮಾಡ್ಯೂಲೂ ಎದ್ದು ಕೂರುತ್ತೆ. ಪ್ರತಿ ಫ್ಯೂಸಿನ ಬೆನ್ನ ಮೇಲಿನ ಎರಡು ಚುಕ್ಕೆಗೆ ಮಲ್ಟಿಮೀಟರ್ ಮಿಲಿವೋಲ್ಟ್‌ನಲ್ಲಿ ಮುಟ್ಟಿಸಿ. ಸೊನ್ನೆಯಲ್ಲದ್ದು ಎಲ್ಲಿ ಕಂಡಿತೋ ಆ ಸಾಲಿನಲ್ಲೇ ಕಳ್ಳ.

ಸೆಕೆಂಡ್‌ಹ್ಯಾಂಡ್ ಸಾಹುಕಾರ

ಪೈಪಿನ ಕೆಳ ಬಾಯಿಂದ ಎರಡು ಚಮಚದಷ್ಟು ಕಪ್ಪು ಗೊಜ್ಜು ಬಂತು. ಈಗ ಎಡಗಡೆಯೂ ಅರ್ಧ ನಿಮಿಷಕ್ಕೆ 250 ಎಂಎಲ್ ಹೊರಗೆ, ಕಂಬ ಒಣ. ಪೈಪು ಕಳಚಿರಲಿಲ್ಲ. ಬಾಗಿಲ ಹಾಳೆಯ ಕೆಳ ಅಂಚು ಒಂದು ಗೇಣು ಬಿಟ್ಟಿತ್ತು, ಹೊಸ ಬ್ಯುಟೈಲ್ ಹಾಕಿ ನೀರು ಬಿಟ್ಟಾಗ ಟಿಶ್ಯೂ ಒಣ. ಎಳೆತ ಇನ್ನೂ 0.4 ಇದೆ.

ತೇವದ ಶತ್ರು

0.4 ಇದ್ದರೆ ಕಾರ್ಪೆಟ್ ವಾಪಸ್ ಹಾಕಬೇಡಿ. ಮಿಲಿವೋಲ್ಟ್ ತೋರಿಸಿದ ಫ್ಯೂಸ್ ನಂಬರ್ ಇಲ್ಲಿ ಬರೆಯಿರಿ.